ದೇವರು ಒಂದು, ಬೆಲೆ ಸೊನ್ನೆ

ಜರ್ಮನಿ
24 ಜೂನ್ 2025, ಮಂಗಳವಾರ

ಗುಂಡ್ಲುಪೇಟೆಯ ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುವ ನನ್ನ ಅತ್ತೆಯವರಿಗೆ ಸೊಸೆ ನಯನಾಳ ಶರಣು. ಇದನ್ನು ಓದಿ ಹೇಳುತ್ತಿರುವ ಪಕ್ಕದ ಮನೆಯ ಗುರುಮಲ್ಲಮ್ಮ ಟೀಚರಿಗೂ ಶರಣು.

ಫೋನಿನಲ್ಲಿ ನೀವು ಸಿಗುವುದಿಲ್ಲ. ಇಪ್ಪತ್ತು ದಿನದಿಂದ ನಿಮ್ಮ ಮಗ ಸಾಗರ್ ಮಾಡಿದರೂ ಇಲ್ಲ, ಈಚೆಗೆ ನಾನು ಮಾಡಿದರೂ ಇಲ್ಲ. ಮೊನ್ನೆ ಮಾವನವರೇ ಸೋತು ಹೇಳಿದರು, “ಅವ್ವ, ನಿಮ್ಮತ್ತ ಮಾತಾಡಕ್ಕಿಲ್ಲ ಅಂತವಳ ಕನ. ಫೋನ್ ಕೊಟ್ರ ಗ್ವಾಡ ಕಡ ತಿರಿಕತಳ.” ಅದಕ್ಕೇ ಕಾಗದ. ನನ್ನ ಜೊತೆ ವೃದ್ಧಾಶ್ರಮದಲ್ಲಿ ನರ್ಸ್ ಆಗಿರುವ ಒಬ್ಬ ಹುಡುಗಿಯ ಊರು ಸುಲ್ತಾನ್ ಬತ್ತೇರಿ. ನಾಳೆ ರಜೆಗೆ ಹೊರಡುತ್ತಾಳೆ. ಬೆಂಗಳೂರಿನಲ್ಲಿ ಇಳಿದು ಬಸ್ಸು ಹಿಡಿದರೆ ಹೇಗೂ ನಮ್ಮ ಊರಿನ ಮೇಲೇ ಹೋಗಬೇಕು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಟೀಚರ ಕೈಗೇ ಕೊಟ್ಟು, ಆಮೇಲೆ ಮುಂದಿನ ಬಸ್ಸು ಹತ್ತು ಎಂದು ಹೇಳಿದ್ದೇನೆ. ನಿಮ್ಮ ಕಣ್ಣಿಗೆ ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ. ಅಳಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಅಳು ಬರುವ ಕಡೆ ಟೀಚರ್ ಓದುವುದನ್ನು ನಿಲ್ಲಿಸಲಿ, ಆಮೇಲೆ ಮುಂದುವರಿಸಲಿ. ಅವಸರವಿಲ್ಲ.

ನೀವು ಏನೆಂದುಕೊಂಡಿದ್ದೀರಿ ಎಂಬುದು ನನಗೆ ಗೊತ್ತು. ಟೀಚರ್ ಹೇಳಿದರು. “ಒಂದ್ ನೂರ್ ರುಪಾಯಿ ಅಂತ ಬರ್ಸ್‌ಬುಟ್ಟಿದ್ರ ಆಗದು. ನನ್ನ ಬಾಯಿಂದ್ಲೇ ಕೂಸು ಬರಿಗೈಲಿ ಓಯ್ತು” ಎಂದಿರಂತೆ. ಅವತ್ತಿನಿಂದ ಲಿಂಗಪೂಜೆ ಬಿಟ್ಟಿದ್ದೀರಂತೆ. ನಾನು ಹೆದರಿದ್ದು ಅದಕ್ಕೇ. ಪೂಜೆ ಮಾಡದೆ ನೀವು ತುತ್ತು ಎತ್ತುವವರಲ್ಲ. ಪೂಜೆ ಬಿಟ್ಟಿದ್ದೀರಿ ಅಂದರೆ ಊಟ ಬಿಟ್ಟಿದ್ದೀರಿ. ಬರೀ ಕಾಫಿಯ ಮೇಲೆ ಎಷ್ಟು ದಿನ ಇರುತ್ತೀರಿ? ಆದ್ದರಿಂದ ನೀವು ಕಳಿಸಿದ ಆ ಡಬ್ಬದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ.

ನನಗೆ ಆರು ತಿಂಗಳು ತುಂಬಿದ್ದಾಗಲೇ ನೀವು ಮಠಕ್ಕೆ ಹೋಗಿ, ಹೊಟ್ಟೆಯಲ್ಲಿರುವ ಕೂಸಿನ ಹೆಸರಿನಲ್ಲಿ ಅಯ್ಯನವರ ಕೈಯಿಂದ ಲಿಂಗ ಪಡೆದುಕೊಂಡು ಬಂದಿರಿ. ಎಂಟನೇ ತಿಂಗಳಿಗೆ ನನ್ನ ತೋಳಿಗೆ ಕಟ್ಟಬೇಕು, ಹುಟ್ಟಿದ ಮೇಲೆ ಕೂಸಿಗೆ ಬದಲಾಯಿಸಬೇಕು, ಪಾರ್ಸೆಲ್ಲಿಗೆ ತಿಂಗಳು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಏಪ್ರಿಲ್‌ನಲ್ಲೇ ಕಳಿಸಿದಿರಿ. ಜೊತೆಗೆ ಅರಿಶಿನದ ಕೊಂಬು, ಬಜೆ, ವಿಭೂತಿ ಗಟ್ಟಿ, ಮೊಳಕೆ ರಾಗಿ ಹಿಟ್ಟು, ನಿಮ್ಮ ಹಳೇ ಸೀರೆ ಹರಿದು ಮಾಡಿದ ಆರು ಬಟ್ಟೆ. ಪೋಸ್ಟಾಫೀಸಿನಲ್ಲಿ ಒಳಗೆ ಏನೇನಿದೆ ಎಂದು ಕೇಳಿದಾಗ ಎಲ್ಲವನ್ನೂ ಬರೆಸಿ, ಕೊನೆಗೆ ದೇವರು ಒಂದು ಎಂದಿರಿ. ಬೆಲೆ ಎಷ್ಟು ಹಾಕಲಿ ಎಂದರೆ, “ದೇವ್ರಿಗ ಬೆಲ ಕಟ್ಟಕಾದದಾ? ಸೊನ್ನ ಆಕವ್ವ” ಎಂದಿರಿ. ಕೌಂಟರಿನಲ್ಲಿದ್ದವರು ನೀವು ಹೇಳಿದ ಹಾಗೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಅಂಟಿಸಿದರು. ಮಾವನವರು ಅವತ್ತು ಇದನ್ನು ಫೋನಿನಲ್ಲಿ ಹೇಳಿ ನಗಿಸಿದ್ದರು. ನಾವೂ ನಕ್ಕಿದ್ದೆವು.

ಮೇ ಹತ್ತೊಂಬತ್ತಕ್ಕೆ ನಮ್ಮ ಅಂಚೆ ಡಬ್ಬಿಯಲ್ಲಿ ಒಂದು ಕಾಗದ ಬಿದ್ದಿತ್ತು. ಪಾರ್ಸೆಲ್ ಬಂದಿದೆ, ಆದರೆ ಮನೆಗೆ ಕೊಡುವುದಿಲ್ಲ, ಊರಾಚೆಯ ಕಸ್ಟಮ್ಸ್ ಕಚೇರಿಗೆ ಬಂದು ಬಿಡಿಸಿಕೊಳ್ಳಿ ಎಂದು. ಇಲ್ಲಿ ಎಲ್ಲ ಹೀಗೇ ಅತ್ತೆ. ಬ್ಯಾಂಕಿನವರಿಗೆ ಒಂದು ಮಾತು ಕೇಳಬೇಕಾದರೂ ಅಪಾಯಿಂಟ್‌ಮೆಂಟ್, ಕೂದಲು ಕತ್ತರಿಸಿಕೊಳ್ಳಲೂ ಅಪಾಯಿಂಟ್‌ಮೆಂಟ್. ಭಾನುವಾರ ಒಂದು ಕಟ್ಟು ಸೊಪ್ಪು ಹುಟ್ಟುವುದಿಲ್ಲ. ಎಲ್ಲವೂ ಕಾಗದದಲ್ಲಿ ಬರುತ್ತದೆ. ಆ ಕಾಗದದ ಭಾಷೆ ನಾನು ಪರೀಕ್ಷೆ ಕಟ್ಟಿ ಪಾಸಾದ ಭಾಷೆಯಲ್ಲ. ವೃದ್ಧಾಶ್ರಮದ ಅಜ್ಜ ಅಜ್ಜಿಯರ ಜೊತೆ ದಿನವಿಡೀ ಮಾತಾಡುವ ನಾನು, ಕೌಂಟರಿನ ಮುಂದೆ ನಿಂತರೆ ಒಂದನೇ ಕ್ಲಾಸಿನ ಮಗುವಾಗುತ್ತೇನೆ. ಗುಂಡ್ಲುಪೇಟೆಯ ತಾಲ್ಲೂಕು ಆಫೀಸಿನಲ್ಲಿ ಎಷ್ಟೇ ಅಲೆಸಿದರೂ, ಯಾರಾದರೂ ಒಬ್ಬರು ಯಾರ ಸೊಸೆ ನೀನು, ಯಾವೂರು ಎಂದು ಕೇಳುತ್ತಾರೆ. ಆಮೇಲೆ ಬೈದರೂ ಕೆಲಸ ಮಾಡಿಕೊಡುತ್ತಾರೆ. ಇಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಟೋಕನ್ ನಂಬರ್ ಎಷ್ಟು ಎಂದು ಕೇಳುತ್ತಾರೆ, ಅಷ್ಟೇ.

ಸಾಗರ್‌ಗೆ ಬೇಕರಿ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಆ ಕಚೇರಿ ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತದೆ. ಹಾಗಾಗಿ ಇಪ್ಪತ್ತೊಂದರ ಬುಧವಾರ ನಾನೊಬ್ಬಳೇ ಎರಡು ಬಸ್ಸು ಬದಲಾಯಿಸಿ ಹೋದೆ. ಬರೀ ಗೋದಾಮುಗಳಿರುವ ಜಾಗ, ನೆರಳಿಗೆ ಒಂದು ಮರ ಇಲ್ಲ. ಒಳಗೆ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ಅವಳು ಚೀಟಿ ಓದಿದಳು. ಇನ್ನೊಮ್ಮೆ ಓದಿದಳು. ಕನ್ನಡಕ ಏರಿಸಿ ನನ್ನನ್ನು ನೋಡಿ, ಇಲ್ಲಿ ದೇವರು ಒಂದು, ಬೆಲೆ ಸೊನ್ನೆ ಎಂದಿದೆಯಲ್ಲ, ಇದರ ಬಿಲ್ ಎಲ್ಲಿ ಎಂದು ಕೇಳಿದಳು. ಬಿಲ್ ಇಲ್ಲ, ಕೊಂಡದ್ದಲ್ಲ, ಮಠದಲ್ಲಿ ಕೊಟ್ಟದ್ದು ಎಂದೆ. ಹಾಗಾದರೆ ಕೊಟ್ಟವರಿಂದ ಪತ್ರ ಬೇಕು ಎಂದಳು. ಆ ಪತ್ರ ಇಲ್ಲಿಯ ಭಾಷೆಯಲ್ಲಿ ಇರಬೇಕಂತೆ. ಗುಂಡ್ಲುಪೇಟೆಯ ಅಯ್ಯನವರು ಇಲ್ಲಿಯ ಭಾಷೆಯಲ್ಲಿ ಬರೆದುಕೊಡುವುದನ್ನು ನೆನೆದು ಅಲ್ಲೇ ನಗು ಬಂತು. ನಾನು ನಕ್ಕಿದ್ದು ಅವಳಿಗೆ ಸರಿಬರಲಿಲ್ಲ. ವಾಪಸು ಕಳಿಸಿದಳು.

ಮಾವನವರು ಪೋಸ್ಟಾಫೀಸಿನ ರಸೀದಿಯ ಫೋಟೋ ಕಳಿಸಿದರು, ಸಾಗರ್ ಒಂದು ಪತ್ರ ಬರೆದು ಸಹಿ ಹಾಕಿದ. ಅದನ್ನು ಹಿಡಿದು ಇಪ್ಪತ್ತೇಳರ ಮಂಗಳವಾರ ಮತ್ತೆ ಹೋದೆ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಈ ಸಲ ಡಬ್ಬವನ್ನು ನನ್ನ ಎದುರಿಗೇ ಚಾಕುವಿನಿಂದ ಕೊಯ್ದು ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟರು. ಅರಿಶಿನ ಅವರಿಗೆ ಗೊತ್ತಿತ್ತು. ಬಜೆಯನ್ನು ಮೂಸಿ ಮುಖ ಹಿಂಡಿದರು. ನಿಮ್ಮ ಸೀರೆಯ ತುಂಡುಗಳನ್ನು ಬಿಡಿಸಿ, ಇವು ಹಳೇ ಬಟ್ಟೆಗಳಲ್ಲವೇ, ಯಾಕೆ ಕಳಿಸಿದ್ದಾರೆ ಎಂದು ಕೇಳಿದರು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಮನೆಯ ಹಿರಿಯರು ಉಟ್ಟು ಮೆತ್ತಗಾದದ್ದನ್ನೇ ಸುತ್ತುತ್ತೇವೆ ಎಂದು ಹೇಗೋ ಹೇಳಿದೆ. ಆ ಹೆಂಗಸು ತಲೆಯಾಡಿಸಿ ಅದನ್ನು ಚೆನ್ನಾಗಿ ಮಡಿಸಿಟ್ಟಳು. ಅದೊಂದು ನನಗೆ ಹಿಡಿಸಿತು.

ಕೊನೆಗೆ ಕೆಂಪು ವಸ್ತ್ರದ ಗಂಟು. ಬಿಚ್ಚಿದರೆ ಕಪ್ಪಗೆ, ನುಣ್ಣಗೆ, ಬೆರಳ ತುದಿಯಷ್ಟು ಲಿಂಗ. ಅವಳು ಪಕ್ಕದವನನ್ನು ಕರೆದಳು. ಅವನು ಕೈಗವಸು ಹಾಕಿಕೊಂಡು ಅದನ್ನು ಎರಡು ಬೆರಳಲ್ಲಿ ಉರುಳಿಸಿದ, ಉಗುರಿನಿಂದ ಕೆರೆದ, ಬೆಳಕಿಗೆ ಹಿಡಿದ. ಕಲ್ಲೇ ಎಂದು ಕೇಳಿದ. ಒಳಗೆ ಕಲ್ಲು ಎಂದೆ. ಮೇಲಿನ ಕಪ್ಪು ಯಾವುದರದ್ದು ಎಂದ. ಅತ್ತೆ, ಹುಟ್ಟಿದಾಗಿನಿಂದ ಆ ದೇವರನ್ನು ಕೈಯಲ್ಲಿಟ್ಟು ಪೂಜಿಸಿದವಳು, ಅದರ ಮೇಲಿನ ಕಪ್ಪು ಯಾವುದರಿಂದ ಮಾಡಿದ್ದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದುಬಿಟ್ಟೆ. ಅದೇ ತಪ್ಪಾಯಿತು. ಕಪ್ಪಗಿನ ಅಂಟಿನಂಥ ಮಾದಕ ವಸ್ತುವೊಂದಿದೆಯಂತೆ, ಅದು ನೋಡಲು ಹೀಗೇ ಇರುತ್ತದಂತೆ. ಪರೀಕ್ಷೆಗೆ ಕಳಿಸಬೇಕು, ಎರಡು ಮೂರು ವಾರ ಆಗುತ್ತದೆ, ಅಲ್ಲಿಯವರೆಗೆ ಡಬ್ಬವೂ ಇಲ್ಲೇ ಇರಲಿ ಎಂದರು. ನಾನು ಕೌಂಟರಿನ ಅಂಚು ಹಿಡಿದುಕೊಂಡು, ಬಂದಷ್ಟು ಭಾಷೆಯಲ್ಲಿ ಹೇಳಿದೆ, ಇದು ಹುಟ್ಟುವ ಕೂಸಿಗೆ ಕಟ್ಟುವ ದೇವರು, ಮೈಮೇಲಿಂದ ತೆಗೆಯುವುದಿಲ್ಲ, ಸತ್ತರೂ ಅಂಗೈಯಲ್ಲಿ ಇದನ್ನೇ ಇಟ್ಟು ಮಣ್ಣು ಮಾಡುತ್ತೇವೆ ಎಂದು. ಆ ಹೆಂಗಸು ನನ್ನ ಹೊಟ್ಟೆ ನೋಡಿ, ನಿಮಗಿನ್ನೂ ಎರಡು ತಿಂಗಳು ಇರಬೇಕಲ್ಲ, ಅಷ್ಟರಲ್ಲಿ ಬರುತ್ತದೆ ಬಿಡಿ ಎಂದಳು. ಅವಳು ಕೆಟ್ಟವಳಲ್ಲ. ರಸೀದಿಯಲ್ಲಿ ಕಪ್ಪು ಅಂಟು ಪದಾರ್ಥ, ಒಂದು ತುಂಡು ಎಂದು ಬರೆದುಕೊಟ್ಟಳು. ನಾನು ಬಸ್ಸಿನಲ್ಲಿ ಆ ರಸೀದಿ ನೋಡುತ್ತ ಗೊಳೋ ಎಂದು ಅತ್ತುಬಿಟ್ಟೆ. ಯಾರೂ ಏನೂ ಕೇಳಲಿಲ್ಲ.

ಟೀಚರ್, ಇಲ್ಲಿ ಸ್ವಲ್ಪ ನಿಲ್ಲಿಸಿ, ಅವರಿಗೆ ನೀರು ಕೊಡಿ.

ಜೂನ್ ಮೂರಕ್ಕೆ ಹೊಟ್ಟೆ ಕಲ್ಲಿನಂತಾಗಿ ರಕ್ತ ಹೋಗತೊಡಗಿತು. ಏನಾಗುತ್ತಿದೆ ಎಂದು ನರ್ಸಾಗಿ ನನಗೆ ತಕ್ಷಣ ಗೊತ್ತಾಯಿತು. ಮಾಸು ಬೇಗ ಕಳಚಿಕೊಂಡಿತ್ತು. ಕೊಯ್ದು ತೆಗೆದರು. ಹೆಣ್ಣು ಕೂಸು, ಒಂದೂ ಮುಕ್ಕಾಲು ಕೇಜಿ, ತಲೆ ತುಂಬ ಕೂದಲು. ಹತ್ತೊಂಬತ್ತು ಗಂಟೆ ಜೀವ ಹಿಡಿದಿತ್ತು. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ ಅತ್ತೆ, ಇದಕ್ಕಾಗಿಯೇ ಇಷ್ಟು ಬರೆಯುತ್ತಿರುವುದು. ಡಬ್ಬ ಬಂದಿದ್ದರೂ ಮಾಸು ಕಳಚುತ್ತಿತ್ತು. ಲಿಂಗ ತೋಳಿನಲ್ಲಿದ್ದರೂ ಕಳಚುತ್ತಿತ್ತು. ನೀವು ನೂರು ಎಂದು ಬರೆಸಿದ್ದರೂ, ಲಕ್ಷ ಎಂದು ಬರೆಸಿದ್ದರೂ ಅಷ್ಟೇ. ಗುಂಡ್ಲುಪೇಟೆಯಲ್ಲಿ ನಿಮ್ಮ ಮಡಿಲಲ್ಲೇ ಮಲಗಿದ್ದರೂ ಅಷ್ಟೇ.

ಹೀಗೆ ಈಗ ಬರೆಯುತ್ತಿದ್ದೇನೆ. ಆಗ ಹೀಗಿರಲಿಲ್ಲ. ಒಂದು ವಾರ ನಿಮ್ಮ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲರಂತೆ ಒಂದು ಅಂಕಿ ಬರೆಸಲು ಇವರಿಗೇನಾಗಿತ್ತು ಎಂದು ಸಾಗರ್ ಮುಂದೆ ಕೂಗಾಡಿದ್ದೇನೆ. ನಿಮಗೆ ಫೋನು ಮಾಡಬೇಡ ಎಂದು ಅವನ ಕೈಯಿಂದ ಕಿತ್ತುಕೊಂಡಿದ್ದೇನೆ. ಅವನು ಪಾಪ, ಅಮ್ಮನ ಪರ ಒಂದು ಮಾತು, ನನ್ನ ಪರ ಒಂದು ಮಾತು ಆಡಿ, ಕೊನೆಗೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ಆಸ್ಪತ್ರೆಯಿಂದ ಬಂದ ಮೇಲೆ ಅಲೆದಾಟ ಶುರುವಾಯಿತು. ಇಲ್ಲಿ ಸತ್ತವರಿಗೂ ಅಪಾಯಿಂಟ್‌ಮೆಂಟ್. ಮೊದಲು ಹುಟ್ಟಿದ್ದನ್ನು ಬರೆಸಬೇಕು, ಅದಾದ ಮೇಲೆ ಸತ್ತದ್ದನ್ನು, ಅದಾದ ಮೇಲೆ ಮಣ್ಣಿಗೆ ಜಾಗ. ಹುಟ್ಟಿದ್ದನ್ನು ಬರೆಸಲು ನಮ್ಮ ಮದುವೆಯ ಸರ್ಟಿಫಿಕೇಟು ಇಲ್ಲಿಯ ಭಾಷೆಗೆ ತರ್ಜುಮೆಯಾಗಿರಬೇಕು. ಸೋಮವಾರ ಯಾವುದೋ ಹಬ್ಬ, ಊರಿಗೆ ಊರೇ ಬಾಗಿಲು ಹಾಕಿತ್ತು. ನಮಗೆ ಗೊತ್ತಿಲ್ಲದೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತು ಬಂದೆವು. ನನ್ನ ಹೊಲಿಗೆ ಎಳೆಯುತ್ತಿತ್ತು, ಎದೆಯಲ್ಲಿ ಹಾಲು ಬಂದು ಜಂಪರು ಒದ್ದೆಯಾಗುತ್ತಿತ್ತು. ಹಾಗೇ ಸಾಲಿನಲ್ಲಿ ಕೂತಿರುತ್ತಿದ್ದೆ. ಪಕ್ಕದಲ್ಲಿ ಬೇರೆಯವರು ತಮ್ಮ ಕೂಸು ಎತ್ತಿಕೊಂಡು ಬಂದಿರುತ್ತಿದ್ದರು, ಅವರೂ ಹುಟ್ಟಿದ್ದನ್ನು ಬರೆಸಲು ಬಂದವರು.

ಮಂಗಳವಾರ ಒಂದೇ ಕಿಟಕಿಯಲ್ಲಿ, ಒಂದೇ ಗಳಿಗೆಯಲ್ಲಿ ಎರಡೂ ಕಾಗದ ಮಾಡಿಕೊಟ್ಟರು. ಎರಡರಲ್ಲೂ ಹೆಸರು ಬರೆಯಲೇಬೇಕು ಎಂದರು. ನೀವು ತೊಟ್ಟಿಲಿನಲ್ಲಿಟ್ಟು ಕೂಗಬೇಕಾದ ಹೆಸರನ್ನು ನಾವು ಹೇಗೆ ಬರೆಯುವುದು? ಸಾಗರ್ ಮಾವನವರಿಗೆ ಫೋನು ಮಾಡಿದ. “ನಿಮಗ ತಿಳಿದುದ್ ಬರೀರಪ್ಪ, ನನ್ನೇನ್ ಕೇಳೀರಿ” ಎಂದು ಅವರು ಫೋನು ಇಟ್ಟುಬಿಟ್ಟರು. ನೀವು ನನ್ನ ಹೊಟ್ಟೆಯ ಜೊತೆ ವಿಡಿಯೋದಲ್ಲಿ ಮಾತಾಡುವಾಗೆಲ್ಲ ಗೌರಮ್ಮ ಗೌರಮ್ಮ ಎನ್ನುತ್ತಿದ್ದಿರಲ್ಲ, ಅದನ್ನೇ ಬರೆದೆ. ಗೌರಮ್ಮ, ಸಾಗರ್ ಅವರ ಮಗಳು. ಆ ಕಾಗದ ಜೋಪಾನವಾಗಿದೆ.

ಸ್ಮಶಾನದವರು ಗುರುವಾರ, ಹನ್ನೆರಡನೇ ತಾರೀಖು ಹನ್ನೊಂದು ಗಂಟೆಗೆ ಎಂದರು. ಇಲ್ಲಿ ಪೆಟ್ಟಿಗೆ ಇಲ್ಲದೆ ಮಣ್ಣು ಮಾಡಲು ಬಿಡುವುದಿಲ್ಲ. ನಮ್ಮಲ್ಲಿಯ ಹಾಗೆ ಕೂರಿಸಲೂ ಬಿಡುವುದಿಲ್ಲ. ಮಲಗಿಸಿದೆವು. ಕೂಸು ತಾನೇ ಅತ್ತೆ, ಮಲಗುವುದೇ ಅದರ ಕೆಲಸ ಎಂದು ಸಮಾಧಾನ ಮಾಡಿಕೊಂಡೆ.

ಲಿಂಗದ ವಿಷಯ. ಬುಧವಾರ ಕಸ್ಟಮ್ಸ್ ಕಚೇರಿಯಿಂದ ಪತ್ರ ಬಂತು, ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಬಂದು ತೆಗೆದುಕೊಂಡು ಹೋಗಿ ಎಂದು. ಹೋದೆವು. ಕೊಟ್ಟರು. ಅದನ್ನು ಹೆಚ್ಚು ಬರೆಯುವುದಿಲ್ಲ. ಗುರುವಾರ ಬೆಳಿಗ್ಗೆ ನಾನೇ ಅವಳ ಹಣೆಗೆ ವಿಭೂತಿ ಹಚ್ಚಿದೆ, ಎಡಗೈ ಬಿಡಿಸಿ ಅಂಗೈಯಲ್ಲಿ ಲಿಂಗ ಇಟ್ಟು, ಬೆರಳು ಮಡಚಿ, ಶಿವದಾರದಿಂದ ಸುತ್ತಿದೆ. ಅಷ್ಟು ಸಣ್ಣ ಕೈ, ಮುಚ್ಚುತ್ತಲೇ ಇರಲಿಲ್ಲ. ನನ್ನ ಕೈಯನ್ನು ಅದರ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ನಿಮ್ಮ ಮೊಮ್ಮಗಳು ಬರಿಗೈಯಲ್ಲಿ ಹೋಗಲಿಲ್ಲ ಅತ್ತೆ. ಅವಳ ಅಂಗೈಯಲ್ಲಿ ಲಿಂಗವಿತ್ತು. ಇದನ್ನು ನಮ್ಮಮ್ಮನ ಮೇಲೆ ಆಣೆ ಮಾಡಿ ಹೇಳುತ್ತೇನೆ. ಬೇಕಾದರೆ ಸಾಗರ್‌ನನ್ನು ಕೇಳಿ.

ಈಗ ನಿಮ್ಮ ಸರದಿ. ಟೀಚರ್ ಕಾಗದ ಮಡಿಚಿದ ಮೇಲೆ ಎದ್ದು ಸ್ನಾನ ಮಾಡಿ. ನಿಮ್ಮ ಲಿಂಗವನ್ನು ಕೈಗೆ ತೆಗೆದುಕೊಳ್ಳಿ. ಪೂಜೆ ಮುಗಿಸಿ, ಮಾವನವರಿಗೂ ಬಡಿಸಿ, ನೀವೂ ಉಣ್ಣಿ. ಆ ಮನುಷ್ಯ ನಿಮ್ಮ ಜೊತೆ ಉಪವಾಸ ಬಿದ್ದಿದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಕೌಂಟರಿನಲ್ಲಿ ನೀವು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನನ್ನು ಕೇಳಿದ್ದರೂ ನಾನು ಸೊನ್ನೆಯನ್ನೇ ಬರೆಸುತ್ತಿದ್ದೆನೇನೋ. ಆಮೇಲೆ ಯಾವತ್ತಾದರೂ ಒಂದು ದಿನ ಫೋನು ಎತ್ತಿ. ಏನೂ ಮಾತಾಡಬೇಡಿ, ಉಸಿರಾಡುವುದು ಕೇಳಿಸಿದರೆ ಸಾಕು.

ನಿಮ್ಮ ಸೊಸೆ,
ಗೌರಮ್ಮನ ಅಮ್ಮ,
ನಯನಾ

ಮರೆತ ಮಾತು: ಗುರುಮಲ್ಲಮ್ಮ ಟೀಚರ್, ಇದು ನಿಮಗೆ ಮಾತ್ರ. ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ, ಈ ಹಾಳೆ ನಿಮ್ಮಲ್ಲೇ ಇರಲಿ. ಬುಧವಾರ ಯಾವ ಪತ್ರವೂ ಬರಲಿಲ್ಲ. ಅವತ್ತು ಹೊಲಿಗೆ ಹಿಡಿದುಕೊಂಡು ಹೋಗಿ ಬೇಡಿದೆವು, ವರದಿ ಬಾರದೆ ಕೊಡುವ ಹಾಗಿಲ್ಲ ಎಂದರು. ಪತ್ರ ಬಂದದ್ದು ಹದಿನೇಳಕ್ಕೆ, ಮಣ್ಣು ಮಾಡಿ ಐದು ದಿನವಾದ ಮೇಲೆ. ಗುರುವಾರ ಬೆಳಿಗ್ಗೆ ಮಗಳ ಕೈಯಲ್ಲಿಟ್ಟದ್ದು ನನ್ನ ಲಿಂಗ. ಚಂದಕವಾಡಿಯಲ್ಲಿ ನಾನು ಹುಟ್ಟಿದ ಎಂಟನೇ ದಿನ ನಮ್ಮಮ್ಮ ಯಶೋದಮ್ಮ ಕಟ್ಟಿಸಿದ್ದು, ಇಪ್ಪತ್ತೊಂಬತ್ತು ವರ್ಷ ಕೊರಳಿಂದ ಇಳಿಸಿರಲಿಲ್ಲ. ಬದುಕಿರುವವರು ಅದನ್ನು ಬಿಚ್ಚಬಾರದು ಎಂದು ನನಗೂ ಗೊತ್ತು ಟೀಚರ್. ಆದರೆ ಆ ಕೈ ಖಾಲಿ ಇತ್ತು. ಅತ್ತೆಗೆ ಇದು ತಿಳಿದರೆ ಮೊಮ್ಮಗಳ ಜೊತೆ ಸೊಸೆಯೂ ಹೋದಳು ಎಂದುಕೊಳ್ಳುತ್ತಾರೆ. ಅವತ್ತಿನಿಂದ ನಾನು ಪೂಜೆಯಿಲ್ಲದೆ ಉಣ್ಣುತ್ತಿದ್ದೇನೆ. ಬರುವ ಸೋಮವಾರ ಹೋಗಿ ಡಬ್ಬ ಬಿಡಿಸಿಕೊಂಡು ಬರುತ್ತೇನೆ. ಅಷ್ಟರಲ್ಲಿ ನೀವು ಒಬ್ಬರೇ ಮಠಕ್ಕೆ ಹೋಗಿ, ಅತ್ತೆಯ ಕಿವಿಗೆ ಬೀಳದ ಹಾಗೆ ಅಯ್ಯನವರನ್ನು ಒಂದು ಮಾತು ಕೇಳಬೇಕು. ಮಗಳಿಗೆಂದು ಕೊಟ್ಟ ಲಿಂಗವನ್ನು ತಾಯಿ ಕಟ್ಟಿಕೊಳ್ಳಬಹುದೇ? ಹೂಂ ಎಂದರೆ ನನ್ನ ಫೋನಿಗೆ ಆ ಒಂದೇ ಅಕ್ಷರ ಕಳಿಸಿ. ಬೇಡ ಎಂದರೆ ಏನೂ ಬರೆಯಬೇಡಿ, ನನಗೆ ಗೊತ್ತಾಗುತ್ತದೆ.